ಒಂಬತ್ತು ಮಣಿಗಳ ಸರ

ಬೆಳಗಾವಿಯ ಯಾವ ಹೆರಿಗೆ ಆಸ್ಪತ್ರೆಗೆ ಹೋದರೂ ಅಲ್ಲಿಯ ತಂಪುಪೆಟ್ಟಿಗೆಯಲ್ಲಿ ಕಿರುಬೆರಳಿನಷ್ಟೂ ಇಲ್ಲದ ಗಾಜಿನ ಕುಪ್ಪಿಗಳ ಸಾಲೊಂದು ಕಣ್ಣಿಗೆ ಬೀಳುತ್ತದೆ. ಒಳಗಿರುವುದು ಒಂದು ಚಮಚಕ್ಕೂ ಸಾಲದಷ್ಟು ದ್ರವ. ನೋಡಿದರೆ ತಿಳಿನೀರಿನಂತಿದೆ. ಕೂಸು ಭೂಮಿಗೆ ಬಂದು ಒಂದು ನಿಮಿಷ ಕಳೆಯುವುದರೊಳಗಾಗಿ ದಾದಿಯು ಆ ದ್ರವವನ್ನು ತಾಯಿಯ ತೊಡೆಗೆ ಚುಚ್ಚುತ್ತಾಳೆ. ಕೂಸಿನ ಅಳು ಕೇಳಿ ನಗುತ್ತಿರುವ ಮನೆಯವರಿಗೆ ಆ ಸಣ್ಣ ಚುಚ್ಚುಮದ್ದಿನ ಕಡೆಗೆ ಗಮನವೇ ಹರಿಯುವುದಿಲ್ಲ. ಆದರೆ ತಾಯಿಯ ಪ್ರಾಣ ಉಳಿಯುವುದೂ ಹೋಗುವುದೂ ಎಷ್ಟೋ ವೇಳೆ ಆ ಕೆಲವು ಹನಿಗಳ ಮೇಲೆ ನಿಂತಿರುತ್ತದೆ.

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ಹಿರಿಯರು ಹೇಳುತ್ತಿದ್ದುದು ಬರಿಯ ಅಲಂಕಾರದ ಮಾತಲ್ಲ. ತುಂಬಿದ ಗರ್ಭಿಣಿಯ ಗರ್ಭಕೋಶಕ್ಕೆ ಪ್ರತಿ ನಿಮಿಷಕ್ಕೂ ಅರ್ಧ ಲೀಟರಿಗೆ ಮೇಲ್ಪಟ್ಟ ರಕ್ತ ಹರಿಯುತ್ತಿರುತ್ತದೆ. ಕೂಸು ಹುಟ್ಟಿ ಮಾಸು ಕಳಚಿಕೊಂಡ ಕೂಡಲೇ ಅದು ಅಂಟಿಕೊಂಡಿದ್ದ ಜಾಗದಲ್ಲಿ ನೂರಾರು ರಕ್ತನಾಳಗಳ ಬಾಯಿ ತೆರೆದಿರುತ್ತವೆ. ಅವುಗಳನ್ನು ಮುಚ್ಚಲು ಪ್ರಕೃತಿ ಕಂಡುಕೊಂಡಿರುವ ಉಪಾಯ ಒಂದೇ. ಗರ್ಭಕೋಶದ ಗೋಡೆಯಲ್ಲಿ ಅಡ್ಡಡ್ಡಲಾಗಿ ಹೆಣೆದುಕೊಂಡಿರುವ ಸ್ನಾಯುಗಳು ಬಿಗಿಯಾಗಿ ಕುಗ್ಗಬೇಕು; ಕುಗ್ಗಿ, ನಡುವೆ ಹಾದುಹೋಗುವ ನಾಳಗಳನ್ನು ಗಂಟು ಹಾಕಿದಂತೆ ಹಿಸುಕಬೇಕು. ಸ್ನಾಯು ಸಡಿಲವಾಗಿಯೇ ಉಳಿದರೆ ರಕ್ತ ನಿಲ್ಲದು. ಪ್ರಸವಾನಂತರದ ಇಂಥ ರಕ್ತಸ್ರಾವಕ್ಕೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 70,000 ತಾಯಂದಿರು ಬಲಿಯಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಸ್ನಾಯುವಿಗೆ 'ಕುಗ್ಗು' ಎಂದು ಅಪ್ಪಣೆ ಕೊಡುವ ವಸ್ತುವೇ ಆ ಕುಪ್ಪಿಯಲ್ಲಿರುವ ಆಕ್ಸಿಟೋಸಿನ್. ಆರೋಗ್ಯವಂತ ತಾಯಿಯ ಮಿದುಳು ಅದನ್ನು ತಾನೇ ತಯಾರಿಸುತ್ತದೆ. ಚುಚ್ಚುಮದ್ದು ಅದಕ್ಕೆ ಒತ್ತಾಸೆ. ಆದರೆ ಈ ಔಷಧಕ್ಕೊಂದು ದೌರ್ಬಲ್ಯವುಂಟು. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಯೇ ಇರಿಸಬೇಕು. ಸೆಕೆಗೆ ಸಿಕ್ಕಿದರೆ ದಿನದಿಂದ ದಿನಕ್ಕೆ ಅದರ ಸತ್ವ ಕುಂದುತ್ತದೆ. ನೋಡಲು ಮಾತ್ರ ಮೊದಲಿನಂತೆಯೇ ತಿಳಿನೀರು.

ಬೆಳಗಾವಿ ನಗರದಲ್ಲಿ ಇದೇನೂ ದೊಡ್ಡ ಸಮಸ್ಯೆಯಲ್ಲ. ದಕ್ಷಿಣಕ್ಕೆ ಇಪ್ಪತ್ತೈದು ಕಿಲೋಮೀಟರಿನಷ್ಟು ಸಾಗಿ ಖಾನಾಪುರವನ್ನು ದಾಟಿದರೆ ಚಿತ್ರವೇ ಬೇರೆ. ಅಲ್ಲಿಂದ ಮುಂದೆ ಸಹ್ಯಾದ್ರಿಯ ದಟ್ಟ ಕಾಡು. ಮಲಪ್ರಭೆ ಹುಟ್ಟುವ ಕಣಕುಂಬಿ ಈ ತಾಲ್ಲೂಕಿನದು. ಮಹದಾಯಿ ಹುಟ್ಟುವುದೂ ಇಲ್ಲಿಯೇ. 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ಭೀಮಗಡದ ಕಾಡಿನೊಳಗೆ ಚದರಿದ ಚಿಕ್ಕ ಹಳ್ಳಿಗಳಿವೆ. ಮಳೆಗಾಲದಲ್ಲಿ ಹಳ್ಳಕೊಳ್ಳಗಳು ಉಕ್ಕಿದಾಗ ಅಲ್ಲಿಗೆ ಗಾಡಿ ಹೋಗದು. 2024ರ ಮಳೆಗಾಲದಲ್ಲಿ ಆಮಗಾಂವದಿಂದ ಕಾಯಿಲೆಬಿದ್ದ ಮಹಿಳೆಯೊಬ್ಬರನ್ನು ಊರವರು ಹೆಗಲ ಮೇಲೆ ಹೊತ್ತು ಕಾಡುದಾರಿಯಲ್ಲಿ ನಡೆದು ರಸ್ತೆಗೆ ತಂದರು. ಇಂಥ ಕಡೆ ತಂಪು ಕಳೆಯದಂತೆ ಔಷಧವನ್ನು ಒಯ್ಯುವುದು ಸುಲಭದ ಮಾತಲ್ಲ.

ಇಷ್ಟು ಬಲಶಾಲಿಯಾದ ವಸ್ತು ಇಷ್ಟು ಕೋಮಲವೇಕೆ? ಉತ್ತರಕ್ಕಾಗಿ ಜೀವಕೋಶದೊಳಕ್ಕೇ ಇಳಿಯಬೇಕು. ಕೋಶವು ಪ್ರೋಟೀನನ್ನು ಹೇಗೆ ಕಟ್ಟುತ್ತದೆ, ಹೇಗೆ ಹದ್ದಿನಲ್ಲಿಡುತ್ತದೆ, ಹೇಗೆ ತೊಲಗಿಸುತ್ತದೆ ಎಂಬ ಮೂರು ಪ್ರಶ್ನೆಗಳಿಗೂ ಈ ಒಂದೇ ವಸ್ತುವಿನ ಕಥೆಯಲ್ಲಿ ಉತ್ತರ ದೊರೆಯುತ್ತದೆ.

ಉದ್ದನೆಯ ಸರದೊಳಗೊಂದು ಪದಕ

ಹಳೆಯ ಪಠ್ಯಪುಸ್ತಕಗಳಲ್ಲಿ 'ಸಸಾರಜನಕ'ವೆಂದು ಹೆಸರಿಸಿದ ಪ್ರೋಟೀನೆಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಮಣಿಗಳಲ್ಲಿ ಇಪ್ಪತ್ತು ಬಗೆ. ಯಾವ ಮಣಿಯ ಪಕ್ಕದಲ್ಲಿ ಯಾವುದು ಬರಬೇಕೆಂಬ ಬರಹ ವಂಶವಾಹಿಯಲ್ಲಿದೆ. ಆ ಬರಹದ ಮೂರು ಮೂರು ಅಕ್ಷರಗಳು ಕೂಡಿ ಒಂದೊಂದು ಮಣಿಯನ್ನು ಸೂಚಿಸುತ್ತವೆ. ಈ ಲಿಪಿಯನ್ನು ಓದಿ ತಿಳಿಸಿದವರಲ್ಲಿ ಭಾರತದಲ್ಲಿ ಹುಟ್ಟಿದ ಹರಗೋವಿಂದ ಖೊರಾನಾ ಒಬ್ಬರು. 1968ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆಯಿತು. ಬರಹವನ್ನು ನೋಡಿ ಮಣಿ ಪೋಣಿಸುವ ಯಂತ್ರದ ಹೆಸರು ರೈಬೋಸೋಮ್. ಅದರ ರಚನೆಯನ್ನು ಅಣು ಅಣುವಾಗಿ ಬಿಡಿಸಿ ತೋರಿಸಿ 2009ರ ನೊಬೆಲ್ ಪಡೆದ ಮೂವರಲ್ಲಿ ಚಿದಂಬರಂನಲ್ಲಿ ಜನಿಸಿದ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು.

ಆಕ್ಸಿಟೋಸಿನ್ ಎಂಬುದು ಕೇವಲ ಒಂಬತ್ತು ಮಣಿಗಳ ಸರ. ಇಷ್ಟು ಚಿಕ್ಕದನ್ನು ನಿಜಾರ್ಥದಲ್ಲಿ ಪ್ರೋಟೀನೆಂದು ಕರೆಯದೆ ಪೆಪ್ಟೈಡ್ ಎನ್ನುವುದು ವಾಡಿಕೆ. ಆದರೆ ಅದು ಹುಟ್ಟುವುದು ಪ್ರೋಟೀನಿನ ಹೊಟ್ಟೆಯಿಂದಲೇ. ಮಿದುಳಿನ ತಳದಲ್ಲಿರುವ ಹೈಪೋಥಲಮಸ್ ಎಂಬ ಭಾಗದ ಕೆಲವು ನರಕೋಶಗಳು ಮೊದಲು 125 ಮಣಿಗಳ ಉದ್ದನೆಯ ಸರವನ್ನು ಪೋಣಿಸುತ್ತವೆ. ಮೊದಲ 19 ಮಣಿಗಳು ವಿಳಾಸದ ಚೀಟಿಯಿದ್ದಂತೆ: 'ಇದು ಹೊರಗೆ ರವಾನೆಯಾಗಬೇಕಾದ ಸರಕು, ಪೊರೆಯ ಕೋಣೆಯೊಳಕ್ಕೆ ಸೇರಿಸಿ' ಎಂಬುದು ಆ ಚೀಟಿಯ ಬರಹ. ಪ್ರೋಟೀನುಗಳ ತಲೆಯಲ್ಲಿ ಇಂಥ ವಿಳಾಸವಿರುವುದನ್ನು ತೋರಿಸಿದ ಗುಂಟರ್ ಬ್ಲೋಬೆಲ್ ಎಂಬ ವಿಜ್ಞಾನಿಗೆ 1999ರ ನೊಬೆಲ್ ಸಂದಿತು. ಸರಕು ಒಳಗೆ ಬಂದ ಮೇಲೆ ಚೀಟಿಯನ್ನು ಕತ್ತರಿಸಿ ಬಿಸಾಡಲಾಗುತ್ತದೆ. ಅನಂತರದ ಒಂಬತ್ತು ಮಣಿಗಳೇ ಆಕ್ಸಿಟೋಸಿನ್. ಮುಂದಿನ ಮೂರು, ಕತ್ತರಿ ಎಲ್ಲಿ ಬೀಳಬೇಕೆಂದು ತೋರಿಸುವ ಗುರುತು. ಉಳಿದ 94 ಮಣಿಗಳು ನ್ಯೂರೋಫೈಸಿನ್ ಎಂಬ ಸಂಗಾತಿ ಪ್ರೋಟೀನು.

ಒಂಬತ್ತು ಮಣಿಗಳಿಗಾಗಿ 125 ಮಣಿಗಳನ್ನು ಪೋಣಿಸುವುದು ದುಂದುಗಾರಿಕೆಯೆಂದು ತೋರಬಹುದು. ಹಾಗಲ್ಲ. ಸಂಗಾತಿಯು ತನ್ನ ಮಡಿಲಲ್ಲಿ ಒಂಬತ್ತು ಮಣಿಗಳನ್ನು ಇರಿಸಿಕೊಂಡು ಸರ ಸರಿಯಾಗಿ ಮಡಿಕೆಗೊಳ್ಳುವಂತೆ ನೋಡಿಕೊಳ್ಳುತ್ತದೆ, ಸರಕಿನ ಚೀಲದೊಳಗೆ ಅದನ್ನು ಜೋಪಾನವಾಗಿ ಕೂಡಿಡುತ್ತದೆ. ಆ ಚೀಲಗಳು ನರಕೋಶದ ನೀಳವಾದ ಎಳೆಯುದ್ದಕ್ಕೂ ಕೆಳಗಿಳಿದು ಅವರೆಕಾಳಿನ ಗಾತ್ರದ ಪಿಟ್ಯುಟರಿ ಗ್ರಂಥಿಯ ಹಿಂಭಾಗವನ್ನು ತಲಪುತ್ತವೆ. ಕತ್ತರಿಸುವ ಕೆಲಸ ನಡೆಯುವುದು ಈ ದಾರಿಯಲ್ಲಿಯೇ. ಕೊನೆಯ ಮಣಿಗೆ ಹಚ್ಚುವ ಒಂದು ರಾಸಾಯನಿಕ ಮೆರುಗಿಗೆ ತಾಮ್ರವೂ 'ಸಿ' ಜೀವಸತ್ವವೂ ಬೇಕು.

ಪೂರ್ತಿಗೊಂಡ ಒಡವೆ ಹೀಗಿದೆ: ಒಂದನೆಯ ಮತ್ತು ಆರನೆಯ ಮಣಿಗಳಲ್ಲಿರುವ ಗಂಧಕಗಳು ಕೈಕೈ ಹಿಡಿದು ಸೇತುವೆಯಾಗಿ, ಆರು ಮಣಿಗಳ ಒಂದು ಉಂಗುರ, ಅದರಿಂದ ಜೋಲುವ ಮೂರು ಮಣಿಗಳ ಬಾಲ. ಇದರ ರಚನೆಯನ್ನು ಅರಿತು 1953ರಲ್ಲಿ ಪ್ರಯೋಗಶಾಲೆಯಲ್ಲಿಯೇ ತಯಾರಿಸಿದವರು ಅಮೆರಿಕದ ವಿನ್ಸೆಂಟ್ ದು ವಿನ್ಯೋ. ಮನುಷ್ಯನ ಕೈಯಿಂದ ನಿರ್ಮಿತವಾದ ಮೊತ್ತಮೊದಲ ಪೆಪ್ಟೈಡ್ ಹಾರ್ಮೋನು ಅದು. 1955ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂದಿತು.

ಕುಂಬಾರನ ಹಸಿಮಡಕೆ

ಖಾನಾಪುರವು ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಇಲ್ಲಿಯ ಹೆಂಚು, ಮಡಕೆಗಳು ಸುತ್ತಲ ನಾಡಿನಲ್ಲೆಲ್ಲ ಪ್ರಸಿದ್ಧ. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಸಂಸ್ಥೆ ನೆಲೆಗೊಂಡಿದ್ದು ಇದೇ ಊರಿನಲ್ಲಿ. ತಿಗರಿಯ ಮೇಲೆ ಏಳುತ್ತಿರುವ ಮಡಕೆ ಸ್ವಲ್ಪ ಸೊಟ್ಟಗಾದರೆ ಕುಂಬಾರನು ಮರುಗುವುದಿಲ್ಲ. ಅಂಗೈಯಿಂದ ಅದನ್ನು ಒತ್ತಿ ಮತ್ತೆ ಮುದ್ದೆ ಮಾಡುತ್ತಾನೆ. ಅದೇ ಮಣ್ಣಿನಿಂದ ಬೇರೊಂದು ಮಡಕೆ ಏಳುತ್ತದೆ. ಆದರೆ ಸೊಟ್ಟಮಡಕೆ ಕಣ್ತಪ್ಪಿ ಆವಿಗೆಗೆ ಹೋಗಿ ಬೆಂದಿತೋ, ಅದು ಮತ್ತೆ ಮಣ್ಣಾಗದು. ಒಡೆದರೂ ಬೋಕಿಯಾಗಿ ಅಂಗಳದಲ್ಲಿ ಬಿದ್ದಿರುತ್ತದೆ.

ಜೀವಕೋಶವೂ ಈ ಕುಂಬಾರನ ನೀತಿಯನ್ನೇ ಅನುಸರಿಸುತ್ತದೆ. ಪೋಣಿಸಿದ ಸರ ತಕ್ಕ ಆಕಾರಕ್ಕೆ ಮಡಿಕೆಗೊಳ್ಳದಿದ್ದರೆ ಅದು ನಿರುಪಯೋಗಿಯಷ್ಟೇ ಅಲ್ಲ, ಅಪಾಯಕಾರಿಯೂ ಹೌದು. ಆದುದರಿಂದ ಪೊರೆಯ ಕೋಣೆಯಲ್ಲಿ ತಪಾಸಣೆ ನಡೆಯುತ್ತದೆ. ತಪ್ಪಿದ ಸರಗಳನ್ನು ಹೊರಕ್ಕೆಳೆದು, ಅವುಗಳಿಗೆ ಯುಬಿಕ್ವಿಟಿನ್ ಎಂಬ 76 ಮಣಿಗಳ ಪುಟ್ಟ ಪ್ರೋಟೀನನ್ನು ಮುದ್ರೆಯಂತೆ ಅಂಟಿಸಲಾಗುತ್ತದೆ. ಈ ಮುದ್ರೆ ಬಿದ್ದ ಸರ ಪ್ರೋಟಿಯಾಸೋಮ್ ಎಂಬ ಪೀಪಾಯಿಯಂಥ ಯಂತ್ರದೊಳಗೆ ಸೇರಿ ಚೂರುಚೂರಾಗುತ್ತದೆ. ಮುದ್ರೆ ಮಾತ್ರ ಹಾಳಾಗದೆ ಬಿಡಿಸಿಕೊಂಡು ಮತ್ತೊಂದು ಸರಕ್ಕೆ ಅಂಟಲು ಹೊರಡುತ್ತದೆ. ಚೂರಾದ ಮಣಿಗಳೂ ವ್ಯರ್ಥವಾಗುವುದಿಲ್ಲ. ಹೊಸ ಸರಗಳಿಗೆ ಅವೇ ಸಾಮಗ್ರಿ. ಇಸ್ರೇಲಿನ ಆರನ್ ಚೆಖನೋವರ್, ಅವ್ರಾಮ್ ಹೆರ್ಷ್ಕೊ ಮತ್ತು ಅಮೆರಿಕದ ಅರ್ವಿನ್ ರೋಸ್ ಈ ಏರ್ಪಾಟನ್ನು ಬೆಳಕಿಗೆ ತಂದು 2004ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ದೇಹದಲ್ಲಿ ಈ ಕಟ್ಟುವ ಕೆಡಹುವ ಕೆಲಸದ ಪ್ರಮಾಣ ಬೆರಗು ಹುಟ್ಟಿಸುವಂಥದು. ಪ್ರಾಯದ ಮನುಷ್ಯನೊಬ್ಬನು ದಿನಕ್ಕೆ ಅರುವತ್ತೋ ಎಂಬತ್ತೋ ಗ್ರಾಂ ಪ್ರೋಟೀನನ್ನು ಆಹಾರದಲ್ಲಿ ತಿಂದರೆ, ಅವನ ಕೋಶಗಳು ದಿನವೊಂದಕ್ಕೆ ಸುಮಾರು 250ರಿಂದ 300 ಗ್ರಾಂ ಪ್ರೋಟೀನನ್ನು ಹೊಸದಾಗಿ ನಿರ್ಮಿಸುತ್ತವೆ. ಮಿಕ್ಕ ಮಣಿಗಳೆಲ್ಲ ಹಳೆಯ ಸರಗಳನ್ನು ಬಿಚ್ಚಿ ಪಡೆದವು. ದೇಹವು ಕಲ್ಲಿನಲ್ಲಿ ಕಟ್ಟಿದ ಮನೆಯಂತೆ ಸ್ಥಿರವೆಂದು ಒಂದು ಕಾಲಕ್ಕೆ ಭಾವಿಸಿದ್ದರು. 1930ರ ದಶಕದಲ್ಲಿ ನ್ಯೂಯಾರ್ಕಿನ ರುಡಾಲ್ಫ್ ಶೋನ್‌ಹೈಮರ್ ಗುರುತು ಹಾಕಿದ ಸಾರಜನಕವನ್ನು ಆಹಾರದಲ್ಲಿ ಬೆರೆಸಿ ಪ್ರಾಣಿಗಳಿಗೆ ಉಣಿಸಿ, ಆ ಭಾವನೆ ತಪ್ಪೆಂದು ತೋರಿಸಿದರು. ದೇಹ ಮನೆಯಲ್ಲ, ಹೊಳೆ. ರೂಪ ಅದೇ, ನೀರು ದಿನವೂ ಬೇರೆ.

ಕುಂಬಾರನ ಕಣ್ತಪ್ಪಿದರೆ ಏನಾಗುತ್ತದೆಂಬುದಕ್ಕೆ ಆಕ್ಸಿಟೋಸಿನ್ನಿನ ಒಡಹುಟ್ಟಿನಲ್ಲಿಯೇ ನಿದರ್ಶನವಿದೆ. ವ್ಯಾಸೊಪ್ರೆಸಿನ್ ಎಂಬ ಇನ್ನೊಂದು ಹಾರ್ಮೋನಿಗೂ ಒಂಬತ್ತೇ ಮಣಿಗಳು. ಎರಡು ಮಣಿ ಮಾತ್ರ ಬೇರೆ. ಕೆಲಸವಂತೂ ಪೂರ್ತಿ ಬೇರೆ. ಮೂತ್ರದಲ್ಲಿ ನೀರು ಪೋಲಾಗದಂತೆ ತಡೆಯುವುದು ಅದರ ಹೊಣೆ. ಕೆಲವು ಕುಟುಂಬಗಳಲ್ಲಿ ಅದರ ಉದ್ದನೆಯ ಮೂಲಸರದಲ್ಲಿ ಒಂದು ಮಣಿ ತಪ್ಪಿರುತ್ತದೆ. ಸರ ಮಡಿಕೆಗೊಳ್ಳದೆ ಕೋಶದೊಳಗೇ ಗುಡ್ಡೆಬೀಳುತ್ತದೆ, ತಪಾಸಣೆಯವರ ಕೈಮೀರುತ್ತದೆ, ಆ ನರಕೋಶಗಳು ಕ್ರಮೇಣ ನಶಿಸುತ್ತವೆ. ಹುಟ್ಟುವಾಗ ಆರೋಗ್ಯದಿಂದಿದ್ದ ಮಗು ಕೆಲವು ತಿಂಗಳೋ ವರ್ಷಗಳೋ ಕಳೆದ ಮೇಲೆ ತಣಿಯದ ಬಾಯಾರಿಕೆಯಿಂದ ಕೊಡಗಟ್ಟಲೆ ನೀರು ಕುಡಿಯತೊಡಗುತ್ತದೆ. ಇನ್ನೊಂದು ವಂಶವಾಹಿ ಸರಿಯಾಗಿದ್ದರೂ ಪ್ರಯೋಜನವಿಲ್ಲ. ಬೆಂದ ಬೋಕಿ ತುಂಬಿದ ಅಂಗಳದಲ್ಲಿ ಒಳ್ಳೆಯ ಮಡಕೆ ಮಾಡಲೂ ಜಾಗವಿರುವುದಿಲ್ಲ.

ಬೀಗವಿಲ್ಲದ ಕೀಲಿಕೈ

ಆಕ್ಸಿಟೋಸಿನ್ ತಯಾರಿಸುವ ವಂಶವಾಹಿ ದೇಹದ ಸರಿಸುಮಾರು ಎಲ್ಲ ಕೋಶಗಳಲ್ಲಿಯೂ ಇದೆ. ಕಿವಿಯ ಚರ್ಮದಲ್ಲಿಯೂ ಇದೆ, ಹೃದಯದಲ್ಲಿಯೂ ಇದೆ. ಆದರೆ ಅದು ತೆರೆದು ಓದಲ್ಪಡುವುದು ಕೆಲವೇ ಕೋಶಗಳಲ್ಲಿ. ಮನೆಯಲ್ಲಿರುವ ಎಲ್ಲ ಪುಸ್ತಕಗಳನ್ನೂ ಎಲ್ಲರೂ ಓದುವುದಿಲ್ಲವಷ್ಟೆ. ಯಾವ ಪುಟವನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕೆಂಬ ನಿಯಂತ್ರಣವೇ ಜೀವನದ ಅರ್ಧ ಗುಟ್ಟು. ಫ್ರಾನ್ಸಿನ ಜಾಕೋಬ್ ಮತ್ತು ಮೊನೋ ಇದರ ತತ್ವವನ್ನು ಮೊದಲು ಬ್ಯಾಕ್ಟೀರಿಯಾಗಳಲ್ಲಿ ಕಂಡು 1965ರ ನೊಬೆಲ್ ಪಡೆದವರಲ್ಲಿ ಸೇರಿದರು.

ಹಾರ್ಮೋನು ಕೀಲಿಕೈಯಾದರೆ ಅದಕ್ಕೊಂದು ಬೀಗವೂ ಬೇಕು. ಆ ಬೀಗವೂ ಪ್ರೋಟೀನೇ: 389 ಮಣಿಗಳ ಗ್ರಾಹಕವೊಂದು ಗರ್ಭಕೋಶದ ಸ್ನಾಯುವಿನ ಪೊರೆಯಲ್ಲಿ ಹುದುಗಿರುತ್ತದೆ. ಗರ್ಭದ ಮೊದಲ ತಿಂಗಳುಗಳಲ್ಲಿ ಇಂಥ ಬೀಗಗಳು ವಿರಳ. ಆಗ ರಕ್ತದಲ್ಲಿ ಆಕ್ಸಿಟೋಸಿನ್ ಇದ್ದರೂ ಗರ್ಭಕೋಶ ಅದನ್ನು ಲಕ್ಷಿಸುವುದಿಲ್ಲ. ಕೂಸು ಒಳಗೆ ನಿಶ್ಚಿಂತೆಯಿಂದ ಬೆಳೆಯುತ್ತದೆ. ದಿನ ತುಂಬುತ್ತ ಬಂದಂತೆ ಸ್ನಾಯುಕೋಶಗಳು ಆ ಪುಟವನ್ನು ತೆರೆದು ಬೀಗಗಳನ್ನು ಹಲವು ಪಟ್ಟು ಹೆಚ್ಚಾಗಿ ನಿರ್ಮಿಸುತ್ತವೆ. ಹೆರಿಗೆಯ ಹೊತ್ತಿಗೆ ಗರ್ಭಕೋಶ ಆ ಹಾರ್ಮೋನಿನ ಪಿಸುಮಾತಿಗೂ ಕಿವಿಗೊಡುತ್ತದೆ.

ಆದರೆ ಅಪ್ಪಣೆ ಅತಿಯಾದರೂ ತೊಂದರೆಯೇ. ಹೆರಿಗೆ ನಿಧಾನವಾದಾಗ ಆಸ್ಪತ್ರೆಯಲ್ಲಿ ಆಕ್ಸಿಟೋಸಿನ್ನನ್ನು ಹನಿಹನಿಯಾಗಿ ರಕ್ತನಾಳಕ್ಕೆ ಬಿಡುವುದುಂಟು. ತಾಸುಗಟ್ಟಲೆ ಇದು ನಡೆದರೆ ಸ್ನಾಯುಕೋಶಗಳು ತಮ್ಮ ಬೀಗಗಳನ್ನು ಪೊರೆಯಿಂದ ಒಳಕ್ಕೆಳೆದುಕೊಳ್ಳುತ್ತವೆ. ಒಂದೇ ಸಮನೆ ಕೂಗುವವನ ಮಾತಿಗೆ ಕಿವಿ ಮುಚ್ಚಿಕೊಂಡಂತೆ. ಅಂಥ ತಾಯಿಯ ಗರ್ಭಕೋಶ ಹೆರಿಗೆಯ ಅನಂತರ ಬೇಗ ಬಿಗಿಯಾಗದೆ ರಕ್ತ ಹೆಚ್ಚು ಹೋಗುವ ಸಂಭವವಿದೆ. ಹನಿಗಳ ಲೆಕ್ಕವನ್ನು ವೈದ್ಯರು ಇಷ್ಟು ಜಾಗರೂಕತೆಯಿಂದ ನೋಡುವುದಕ್ಕೆ ಇದೂ ಒಂದು ಕಾರಣ.

ಕೆಲಸ ಮುಗಿದ ಮೇಲೆ ಅಪ್ಪಣೆಯ ಪತ್ರ ಉಳಿಯಬಾರದು. ರಕ್ತದಲ್ಲಿ ಆಕ್ಸಿಟೋಸಿನ್ನಿನ ಆಯುಸ್ಸು ಕೆಲವೇ ನಿಮಿಷ. ಯಕೃತ್ತೂ ಮೂತ್ರಪಿಂಡಗಳೂ ಅದನ್ನು ತೊಲಗಿಸುತ್ತವೆ. ಗರ್ಭಿಣಿಯಲ್ಲಿ ಇನ್ನೊಂದು ವಿಶೇಷವಿದೆ: ಮಾಸು ತಾನೇ ಆಕ್ಸಿಟೋಸಿನೇಸ್ ಎಂಬ ಕಿಣ್ವವನ್ನು ತಯಾರಿಸಿ ತಾಯಿಯ ರಕ್ತಕ್ಕೆ ಬಿಡುತ್ತದೆ. ಅದು ಮೊದಲ ಮಣಿಯನ್ನು ಹಿಡಿದು ಕತ್ತರಿಸಿ ಉಂಗುರವನ್ನು ಬಿಚ್ಚಿಬಿಡುತ್ತದೆ. ಹೀಗೆ ತಾಯಿಯ ಮಿದುಳು ಕಟ್ಟುತ್ತದೆ, ಗರ್ಭಕೋಶ ಆಲಿಸುತ್ತದೆ, ಕೂಸಿನ ಮಾಸು ಕೆಡಹುತ್ತದೆ. ಒಂದು ಸಂಸಾರದ ಮೂವರು ಮಾತಿಲ್ಲದೆ ಹೊಂದಿಕೊಂಡು ನಡೆಸುವ ವ್ಯವಹಾರವಿದು.

ಜಿಲ್ಲೆಯ ಹಳ್ಳಿಗಳಲ್ಲೊಂದು ಪರೀಕ್ಷೆ

ಆಯುಸ್ಸು ಅಲ್ಪವಾಗಿರಲೆಂದೇ ಪ್ರಕೃತಿ ರೂಪಿಸಿದ ಈ ಒಡವೆಯನ್ನು ಕುಪ್ಪಿಯಲ್ಲಿ ವರ್ಷಗಟ್ಟಲೆ ಕಾಪಾಡಬೇಕೆಂಬುದು ಮನುಷ್ಯನ ಆಸೆ. ದ್ರವದಲ್ಲಿ, ಅದರಲ್ಲಿಯೂ ಸೆಕೆಯಲ್ಲಿ, ಗಂಧಕದ ಸೇತುವೆ ಕಳಚುತ್ತದೆ. ಸರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೀಲಿಕೈ ಬೀಗಕ್ಕೆ ಹೊಂದುವುದಿಲ್ಲ. ತಂಪುಪೆಟ್ಟಿಗೆಯೂ ಇಲ್ಲದ, ಚುಚ್ಚುಮದ್ದು ಕೊಡುವ ಕೈಯೂ ಇಲ್ಲದ ಮನೆಯಲ್ಲಿ ಹೆರುವ ತಾಯಿಗೆ ಏನು ಗತಿ?

ಈ ಪ್ರಶ್ನೆಗೆ ಉತ್ತರ ಹುಡುಕುವ ಬಹುಮುಖ್ಯ ಪ್ರಯತ್ನವೊಂದು ನಡೆದದ್ದು ಬೆಳಗಾವಿಯಲ್ಲಿ. 1916ರಲ್ಲಿ ಸ್ಥಾಪಿತವಾದ ಕೆ.ಎಲ್.ಇ. ಸಂಸ್ಥೆಯು 1963ರಲ್ಲಿ ಆರಂಭಿಸಿದ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದ ಡಾ. ಬಿ. ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ್ ಮೊದಲಾದವರು ಅಮೆರಿಕದ ಡಾ. ರಿಚರ್ಡ್ ಡರ್ಮನ್, ಸ್ಟೇಸಿ ಗೆಲ್ಲರ್ ಅವರೊಡನೆ ಸೇರಿ, 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ಅವರು ಆರಿಸಿಕೊಂಡ ಔಷಧ ಮಿಸೊಪ್ರೊಸ್ಟಾಲ್. ಇದು ಪ್ರೋಟೀನಿನ ಜಾತಿಯದಲ್ಲ. ಕೊಬ್ಬಿನಾಮ್ಲದಿಂದ ಹುಟ್ಟುವ ಬೇರೊಂದು ಬಗೆಯ ಸಂದೇಶವಾಹಕದ ಅನುಕರಣ. ಗುಳಿಗೆಯ ರೂಪದಲ್ಲಿ ನುಂಗಬಹುದು, ತಂಪುಪೆಟ್ಟಿಗೆ ಬೇಡ.

ಮನೆಯಲ್ಲಿಯೋ ಉಪಕೇಂದ್ರದಲ್ಲಿಯೋ ಹೆರುತ್ತಿದ್ದ 1,620 ತಾಯಂದಿರು ಈ ಪರೀಕ್ಷೆಯಲ್ಲಿ ಭಾಗವಹಿಸಿದರು. ಅರ್ಧದಷ್ಟು ಮಂದಿಗೆ ಗುಳಿಗೆ, ಉಳಿದವರಿಗೆ ನೋಡಲು ಅದರಂತೆಯೇ ಇರುವ ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದೆಂಬುದು ಕೊಡುವವರಿಗೂ ತಿಳಿಯದು. ಗುಳಿಗೆ ಕೊಟ್ಟವರು ದೊಡ್ಡ ವೈದ್ಯರಲ್ಲ. ಊರೂರು ಸುತ್ತುವ ಕಿರಿಯ ಆರೋಗ್ಯ ಸಹಾಯಕಿಯರು.

ರಕ್ತ ಎಷ್ಟು ಹೋಯಿತೆಂದು ತಿಳಿಯುವುದೂ ಸುಲಭವಲ್ಲ. ಕಣ್ಣಳತೆ ಬಹಳ ಮೋಸ ಮಾಡುತ್ತದೆ. ಆದುದರಿಂದ ತಾಯಿಯ ಕೆಳಗೆ ಹಾಸಲು, ತುದಿಯಲ್ಲಿ ಅಳತೆಯ ಗೆರೆಗಳಿರುವ ಚೀಲವಿದ್ದ ಪ್ಲಾಸ್ಟಿಕ್ಕಿನ ಹಾಸನ್ನು ಬಳಸಿದರು. ಕಣ್ಣಳತೆಯ ಅಂದಾಜು ಈ ಹಾಸಿನ ಅಳತೆಗಿಂತ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆ ಇರುತ್ತಿತ್ತೆಂಬುದು ಬೆಳಗಾವಿಯಲ್ಲಿಯೇ ನಡೆದ ಹೋಲಿಕೆಯಿಂದ ಸ್ಪಷ್ಟವಾಯಿತು. ಅಂದರೆ 'ಹೆಚ್ಚೇನೂ ಹೋಗಿಲ್ಲ' ಎಂದು ಸಮಾಧಾನಪಟ್ಟುಕೊಂಡಿದ್ದ ಎಷ್ಟೋ ಹೆರಿಗೆಗಳಲ್ಲಿ ಅಪಾಯ ಹೊಸ್ತಿಲಿಗೆ ಬಂದಿತ್ತು.

ಪರೀಕ್ಷೆಯ ಫಲ 2006ರ ಅಕ್ಟೋಬರಿನಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬರಿಯ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 12 ಮಂದಿಗೆ ಅರ್ಧ ಲೀಟರು ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋಗಿತ್ತು. ಔಷಧ ನುಂಗಿದವರಲ್ಲಿ ಅದು 6.4ಕ್ಕೆ ಇಳಿದಿತ್ತು. ಒಂದು ಲೀಟರನ್ನು ಮುಟ್ಟುವ ಘೋರ ರಕ್ತಸ್ರಾವ 1.2ರಿಂದ 0.2ಕ್ಕೆ ಇಳಿದಿತ್ತು. ಹದಿನೆಂಟು ತಾಯಂದಿರಿಗೆ ಗುಳಿಗೆ ಕೊಟ್ಟರೆ ಒಬ್ಬರನ್ನು ರಕ್ತಸ್ರಾವದಿಂದ ತಪ್ಪಿಸಬಹುದೆಂದಾಯಿತು. ಕೆಲವರಿಗೆ ಸ್ವಲ್ಪ ಹೊತ್ತು ನಡುಕವೂ ಜ್ವರವೂ ಬಂದುದುಂಟು. ಅದು ತಾನಾಗಿ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಆಕ್ಸಿಟೋಸಿನ್ ದೊರೆಯುವ ಕಡೆ ಅದಕ್ಕೇ ಮೊದಲ ಮಣೆ. ದೊರೆಯದ ಕಡೆ ಗುಳಿಗೆ ಕೈಬಿಡುವುದಿಲ್ಲ.

ಹಟ್ಟಿಯಿಂದ ನ್ಯಾಯಾಲಯದವರೆಗೆ

ಕುಂದಾ ಸವಿಯುವ ಬೆಳಗಾವಿಯ ಮನೆಗಳಿಗೆ ಈ ಹಾರ್ಮೋನು ಇನ್ನೊಂದು ದಾರಿಯಿಂದಲೂ ಪರಿಚಿತ. ಕರು ಬಾಯಿಯಿಟ್ಟೊಡನೆ ಎಮ್ಮೆ ಕೆಚ್ಚಲಿಗೆ ಹಾಲಿಳಿಸುವುದು ಆಕ್ಸಿಟೋಸಿನ್ನಿನ ಪ್ರಭಾವದಿಂದಲೇ. ಕರು ಸತ್ತ ಎಮ್ಮೆಗೆ ಈ ಔಷಧ ಚುಚ್ಚಿ ಹಾಲು ಹಿಂಡುವ ಕೆಟ್ಟ ಪದ್ಧತಿ ದೇಶದ ಹಲವು ಕಡೆ ಬೆಳೆಯಿತು. ಅದನ್ನು ತಡೆಯಲೆಂದು ಕೇಂದ್ರ ಸರ್ಕಾರ 2018ರ ಏಪ್ರಿಲಿನಲ್ಲಿ ಒಂದು ಆಜ್ಞೆ ಹೊರಡಿಸಿತು: ದೇಶದೊಳಗಿನ ಬಳಕೆಗೆ ಖಾಸಗಿ ಕಂಪನಿಗಳು ಆಕ್ಸಿಟೋಸಿನ್ ತಯಾರಿಸಕೂಡದು, ಬೆಂಗಳೂರಿನ ಸರ್ಕಾರಿ ಕಂಪನಿಯಾದ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಒಂದೇ ತಯಾರಿಸಬೇಕು. ಇಡೀ ದೇಶದ ತಾಯಂದಿರ ಔಷಧ ಒಂದೇ ಕಾರ್ಖಾನೆಯ ಮೇಲೆ ನಿಂತರೆ ಗತಿಯೇನೆಂದು ವೈದ್ಯರು ಆತಂಕಪಟ್ಟರು. ಅದೇ ಡಿಸೆಂಬರಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಪಡಿಸಿತು.

ಹಾಲಿನಲ್ಲಿ ಬಂದ ಆಕ್ಸಿಟೋಸಿನ್ ಕುಡಿದವರಿಗೆ ಏನಾಗುತ್ತದೆಂಬ ಅಂಜಿಕೆ ಗೃಹಿಣಿಯರಲ್ಲಿ ಸಾಮಾನ್ಯ. ಇಲ್ಲಿಯೂ ಪ್ರೋಟೀನಿನ ಧರ್ಮವನ್ನು ನೆನೆಯಬೇಕು. ಕರುಳಿನ ಪಾಚಕರಸಗಳು ಬೇಳೆಯ ಪ್ರೋಟೀನನ್ನು ಬಿಡಿಸುವಂತೆ ಈ ಒಂಬತ್ತು ಮಣಿಗಳನ್ನೂ ಬಿಡಿಸಿಬಿಡುತ್ತವೆ. ತಾಯಂದಿರಿಗೆ ಅದನ್ನು ಕುಡಿಸದೆ ಚುಚ್ಚುವುದೂ ಇದೇ ಕಾರಣಕ್ಕಾಗಿ. ಆ ಪದ್ಧತಿಯ ನಿಜವಾದ ಪೀಡೆ ಮೂಕಪ್ರಾಣಿಗೆ.

ಸೆಕೆಗೆ ಅಂಜದ ತಂಗಿ

ಕೀಲಿಕೈಯನ್ನೇ ಗಟ್ಟಿಯಾಗಿ ಮಾಡಲಾಗದೆ? ರಸಾಯನಶಾಸ್ತ್ರಜ್ಞರು ಅದನ್ನೂ ಸಾಧಿಸಿದರು. ಕಾರ್ಬೆಟೋಸಿನ್ ಎಂಬ ಔಷಧದಲ್ಲಿ ಉಂಗುರದ ಸೇತುವೆಯ ಒಂದು ಗಂಧಕದ ಸ್ಥಾನದಲ್ಲಿ ಇಂಗಾಲವನ್ನು ಕೂರಿಸಿದ್ದಾರೆ. ಮಾಸಿನ ಕಿಣ್ವ ಹಿಡಿಯುವ ಮೊದಲ ಮಣಿಯ ತುದಿಯನ್ನು ತೆಗೆದುಹಾಕಿದ್ದಾರೆ. ಕತ್ತರಿಗೆ ಹಿಡಿತವೇ ಸಿಗದು. ರಕ್ತದಲ್ಲಿ ಅದರ ಆಯುಸ್ಸು ಆಕ್ಸಿಟೋಸಿನ್ನಿಗಿಂತ ಬಹುಪಾಲು ಹೆಚ್ಚು. ಕರಗಿಸುವ ದ್ರವದ ಮಿಶ್ರಣವನ್ನೂ ಮಾರ್ಪಡಿಸಿದ ಮೇಲೆ, 30 ಡಿಗ್ರಿ ಸೆಕೆಯಲ್ಲಿ ಮೂರು ವರ್ಷ ಇಟ್ಟರೂ ಕೆಡದ ಔಷಧ ಸಿದ್ಧವಾಯಿತು. ಭಾರತವೂ ಸೇರಿದಂತೆ ಹತ್ತು ದೇಶಗಳ 23 ಆಸ್ಪತ್ರೆಗಳಲ್ಲಿ 29,645 ತಾಯಂದಿರ ಮೇಲೆ ನಡೆದ ಪರೀಕ್ಷೆಯ ಫಲ 2018ರಲ್ಲಿ ಪ್ರಕಟವಾಯಿತು. ರಕ್ತಸ್ರಾವ ತಡೆಯುವುದರಲ್ಲಿ ಹೊಸ ಔಷಧ ಆಕ್ಸಿಟೋಸಿನ್ನಿಗೆ ಸರಿಸಮಾನವೆಂದು ಕಂಡುಬಂದಿತು: ಒಂದರಲ್ಲಿ ನೂರಕ್ಕೆ 14.5, ಇನ್ನೊಂದರಲ್ಲಿ 14.4. ಮರುವರ್ಷ ಇದೂ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿ ಸ್ಥಾನ ಪಡೆಯಿತು.

ಭಾರತದಲ್ಲಿ 2001-03ರ ಅವಧಿಯಲ್ಲಿ ಲಕ್ಷ ಹೆರಿಗೆಗಳಿಗೆ 301 ತಾಯಂದಿರು ಸಾಯುತ್ತಿದ್ದರು. 2018-20ರ ವೇಳೆಗೆ ಆ ಸಂಖ್ಯೆ 97ಕ್ಕೆ ಇಳಿಯಿತು. ಆಸ್ಪತ್ರೆಯ ಹೆರಿಗೆ, ಆಂಬುಲೆನ್ಸು, ರಸ್ತೆ, ರಕ್ತನಿಧಿ, ಹೆಣ್ಣುಮಕ್ಕಳ ಓದು, ಇವೆಲ್ಲವುಗಳ ಪುಣ್ಯ ಅದರಲ್ಲಿ ಕೂಡಿದೆ. ಉಳಿದಿರುವ 97 ಕೂಡ ಲೆಕ್ಕದ ಪುಸ್ತಕದ ಅಂಕಿಯಲ್ಲ. ಅಷ್ಟು ಮನೆಗಳಲ್ಲಿ ತೊಟ್ಟಿಲು ಕಟ್ಟಿದ ಕೈಗಳೇ ಇಲ್ಲವಾದವು.

ಮದ್ದು ಸೇರದ ಹಳ್ಳಿಯಲ್ಲಿಯೂ ತಾಯಿಯ ಬಳಿ ಪ್ರಕೃತಿ ಕೊಟ್ಟ ಒಂದು ಉಪಾಯವಿದೆ. ಹುಟ್ಟಿದ ಕೂಸನ್ನು ಕೂಡಲೇ ಎದೆಗೆ ಹಚ್ಚಿದರೆ, ಆ ಪುಟ್ಟ ಬಾಯಿಯ ಎಳೆತದಿಂದ ಸುದ್ದಿ ನರಗಳ ಮೂಲಕ ಮಿದುಳನ್ನು ಮುಟ್ಟುತ್ತದೆ. ಕೂಡಿಟ್ಟ ಚೀಲಗಳು ಒಡೆದು ಆಕ್ಸಿಟೋಸಿನ್ ರಕ್ತಕ್ಕೆ ಇಳಿಯುತ್ತದೆ. ಹಾಲೂ ಇಳಿಯುತ್ತದೆ, ಗರ್ಭಕೋಶವೂ ಕುಗ್ಗುತ್ತದೆ. ಔಷಧಕ್ಕೆ ಇದು ಬದಲಿಯಲ್ಲ. ಆದರೆ ಔಷಧಕ್ಕೆ ಜೊತೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಬೇಕೆಂದು ಇಂದಿನ ವೈದ್ಯರು ಒತ್ತಿ ಹೇಳುವುದು ಕೂಸಿಗಾಗಿ ಮಾತ್ರವಲ್ಲ, ತಾಯಿಗಾಗಿಯೂ ಹೌದು.

ಕಣಕುಂಬಿಯ ಮಳೆ ಕಳೆದು ದಾರಿ ತೆರೆದ ಮೇಲೆ ಆರೋಗ್ಯ ಸಹಾಯಕಿ ಕಾಡಿನ ಊರಿಗೆ ಹೋಗುವಾಗ ಅವಳ ಹೆಗಲಿನ ತಂಪಿನ ಡಬ್ಬಿಯಲ್ಲಿ ಇರುವುದು ಒಂಬತ್ತು ಮಣಿಗಳ ಆ ಕೋಮಲವಾದ ಸರವೇ. ಅಲ್ಲಿ ಯಾವುದೋ ಗುಡಿಸಲಿನಲ್ಲಿ ದಿನ ತುಂಬಿದ ಹೆಣ್ಣುಮಗಳ ಗರ್ಭಕೋಶ ಅದಕ್ಕಾಗಿ ಬೀಗಗಳನ್ನು ಸಿದ್ಧಮಾಡಿಟ್ಟುಕೊಂಡು ಕಾದಿರುತ್ತದೆ.